ಅಷ್ಟೇ ಅಂದವನು

ಅಜ್ಜಿಯ ಕೋಣೆಯಿಂದ ಬರುತ್ತಿದ್ದ ಕನ್ನಡ ಕೇಳಿ, ಹೊಸಕೋಟೆ ಕಡೆಯ ನೆಂಟರು ಯಾರೋ ಬಂದಿದ್ದಾರೆ ಎಂದೇ ಯೋಗಾನಂದ ಅಂದುಕೊಂಡ.

"ಇಂಗ್ ಮಕ ತಿರುಗ್ಸಿದ್ರೆ ಎಂಗಮ್ಮೋ? ಇನ್ನೊಂದ್ ಗುಟುಕು ಕುಡಿ."

ಬ್ಯಾಗು ಇಳಿಸದೆಯೇ ಬಾಗಿಲಲ್ಲಿ ಇಣುಕಿ, "ಏನತ್ತೆ, ಯಾವಾಗ ಬಂದ್ರಿ?" ಎಂದ.

ತಿರುಗಿದವಳು ಅವನಿಗಿಂತ ಚಿಕ್ಕವಳು. ಕೈಯಲ್ಲಿ ಗಂಜಿ ಬಟ್ಟಲು, ಕೆನ್ನೆಯ ಮೇಲೆ ಸಿಡಿದ ಒಂದು ಹನಿ ಗಂಜಿ. ಅವನನ್ನು ಮೇಲಿಂದ ಕೆಳಗೆ ನೋಡಿ, ತುಟಿ ಬಿಗಿಹಿಡಿದು, "ಬೆಳಿಗ್ಗೆನೇ ಬಂದೆ ಅಳಿಯಂದ್ರೇ," ಎಂದಳು.

ಅಜ್ಜಿ ಗೋಪಾಲಮ್ಮ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ ಮೇಲೆ ಅಜ್ಜಿ ನಕ್ಕಿದ್ದು ಅದೇ ಮೊದಲು. ಯೋಗಾನಂದನ ಕಿವಿ ಕೆಂಪಾಯಿತು.

ಅವಳ ಹೆಸರು ಗೌಹರ್. ಕೆಂಪಾಪುರದ ಆ ಮನೆಗೆ ಅಜ್ಜಿಯನ್ನು ನೋಡಿಕೊಳ್ಳಲು ಬೆಳಿಗ್ಗೆ ಬಂದು ಸಂಜೆ ಹೋಗುತ್ತಿದ್ದಳು. ಸರ್ಕಾರಿ ಕನ್ನಡ ಶಾಲೆಯಲ್ಲಿ ಹತ್ತನೇ ತರಗತಿವರೆಗೆ ಓದಿದ್ದಳು. ಹೊಸಕೋಟೆ ಕಡೆಯ ಮಾತನ್ನು ಮಾತ್ರ, ಹಿಂದೆ ತಾನು ನೋಡಿಕೊಂಡಿದ್ದ ಆ ಕಡೆಯ ಮುದುಕಿಯೊಬ್ಬಳಿಂದ ಕಲಿತದ್ದು.

ಯೋಗಾನಂದ ಸೋಲದೇವನಹಳ್ಳಿಯ ಒಂದು ಕಾಲೇಜಿನಲ್ಲಿ ಸಂವಿಧಾನದ ಪಾಠ ಹೇಳುವ ಮೇಷ್ಟ್ರು. ಮೂರು ಗಂಟೆಗೇ ಕ್ಲಾಸು ಮುಗಿದರೂ ಸ್ಟಾಫ್ ರೂಮಿನಲ್ಲಿ ಹರಟುತ್ತಾ ಕೂರುತ್ತಿದ್ದವನು, ಈಗ ಸಿಕ್ಕಿದ ಮೊದಲ ಬಸ್ಸು ಹತ್ತತೊಡಗಿದ. ಹೆಬ್ಬಾಳದ ಫ್ಲೈಓವರ್ ಕೆಳಗೆ ಬಸ್ಸು ನಿಂತರೆ ಡ್ರೈವರನ ಮೇಲೆ ಸಿಟ್ಟು ಬರುತ್ತಿತ್ತು. ಮನೆಗೆ ಬಂದರೆ ಅಜ್ಜಿಯ ಉಗುರು ಕತ್ತರಿಸುತ್ತಾ ಕೂತ ಗೌಹರ್ ತಲೆ ಎತ್ತದೆಯೇ ಕೇಳುತ್ತಿದ್ದಳು.

"ಇವತ್ತೂ ಬೇಗ ಬಿಟ್ರಾ ಮೇಷ್ಟ್ರೇ?"

"ಅಜ್ಜಿ ಹೇಗಿದಾಳೆ ನೋಡೋಣ ಅಂತ."

"ಅಜ್ಜಿ ಆ ಕಡೆ ಮಲಗಿದಾರೆ. ನೀವು ಈ ಕಡೆ ನೋಡ್ತಿದೀರ."

ಒಂದು ಸಂಜೆ ಕೆರೆಯ ಬದಿಯ ದಾರಿಯಲ್ಲಿ ಅವಳ ಜೊತೆ ನಡೆದ. ಬೇಕರಿಯಿಂದ ತಂದ ಎಗ್ ಪಫ್ಸ್ ಅನ್ನು ಅವಳು ಅರ್ಧ ಮುರಿದು, ಮೊಟ್ಟೆಯಿದ್ದ ಭಾಗವನ್ನು ಅವನಿಗೇ ಕೊಟ್ಟಳು. ತನ್ನ ಪಾಲನ್ನು ತಿಂದು ಕೈ ಒರೆಸಿಕೊಂಡಳು.

"ಒಂದ್ ವಿಷಯ ಹೇಳ್ಬೇಕು," ಎಂದಳು. "ನಾವು ಕಲ್ಕತ್ತಾ ಕಡೆಯೋರು ಅಂತ ಎಲ್ರಿಗೂ ಹೇಳಿದೀನಿ. ಅಲ್ಲ. ಅಮ್ಮ ನನ್ನ ಸೊಂಟದ ಮೇಲೆ ಎತ್ಕೊಂಡು ಬಾರ್ಡರ್ ದಾಟಿದ್ಳಂತೆ. ಸಾಯೋ ಮುಂಚೆ ಹೇಳಿದ್ಳು. ನಂಗೆ ಈ ಕಡೆಯ ಕಾಗದನೂ ಇಲ್ಲ, ಆ ಕಡೆಯದೂ ಇಲ್ಲ."

ಯೋಗಾನಂದನಿಗೆ ಎದೆ ತುಂಬಿ ಬಂತು. ತುಂಬಿದ ಎದೆಯಿಂದ ಬಂದದ್ದು ಮಾತ್ರ ಪಾಠ. "ನೋಡು, ಜೀವಿಸೋ ಹಕ್ಕು ಬರೀ ನಾಗರಿಕರಿಗಲ್ಲ, ಪ್ರತಿಯೊಬ್ಬ ವ್ಯಕ್ತಿಗೂ ಇದೆ. ನಾನು ಕ್ಲಾಸಲ್ಲಿ ಇದನ್ನೇ..."

"ಪಾಠ ಬೇಡ ಮೇಷ್ಟ್ರೇ. ಯಾರಿಗೂ ಹೇಳ್ಬೇಡಿ. ಅಷ್ಟು ಸಾಕು."

ಅವನು ಅವಳ ಕೈ ಹಿಡಿದುಕೊಂಡು, ಇಲ್ಲ ಎಂದು ಮಾತು ಕೊಟ್ಟ.

ಅವನ ದೊಡ್ಡಪ್ಪ ಮುನಿಯಲ್ಲಪ್ಪ ಒಂದು ಪಕ್ಷದ ವಾರ್ಡ್ ಮುಖಂಡ. ಯೋಗಾನಂದ ಎದುರು ಪಕ್ಷದ ಕಡೆಯವನು. ಒಂದೇ ಮನೆಯಲ್ಲಿ ಉಣ್ಣುತ್ತಿದ್ದ ಇಬ್ಬರೂ ಟಿವಿ ಹಾಕಿದರೆ ಸಾಕು, ಜಗಳಕ್ಕೆ ಬೀಳುತ್ತಿದ್ದರು. ಆ ಭಾನುವಾರ ಹಜಾರದ ತುಂಬ ದೊಡ್ಡಪ್ಪನ ಪಕ್ಷದ ಹುಡುಗರಿದ್ದರು. ಬಾರ್ಡರ್ ದಾಟಿ ಬಂದವರು ಇದ್ದಾರೆಂದು ಕೆರೆಯಾಚೆಯ ಶೆಡ್ಡುಗಳನ್ನು ಖಾಲಿ ಮಾಡಿಸಬೇಕೆಂಬ ಪ್ರತಿಭಟನೆಯ ಮಾತು ನಡೆದಿತ್ತು.

"ಕಾಗದ ಇಲ್ದೋರಿಗೆ ಎಂಥಾ ಹಕ್ಕೋ?" ಎಂದ ದೊಡ್ಡಪ್ಪ. "ನಮ್ ಮನೆಗೆ ಹೇಳ್ದೆ ನುಗ್ಗಿದೋರನ್ನ ಕೂರಿಸಿ ಕಾಫಿ ಕೊಡ್ತೀವಾ?"

"ಕಳಿಸ್ಲೇಬೇಕು ಅಂದ್ರೂ ಕಾನೂನು ಪ್ರಕಾರ ಕಳಿಸ್ಬೇಕು. ಹೊಡೆದು ಓಡಿಸೋದಲ್ಲ."

"ಕಾನೂನಂತೆ! ನಿಮ್ ಪಕ್ಷಕ್ಕೆ ಬೇಕಾಗಿರೋದು ಅವ್ರ ಓಟು. ಎಲ್ಲಾ ಕಳ್ರು ಕಣೋ, ಎಲ್ಲಾ."

ಹುಡುಗರು ನಕ್ಕರು. ಆ ನಗು ಯೋಗಾನಂದನ ನೆತ್ತಿಗೇರಿತು. ಗೆಲ್ಲಲು ಒಂದೇ ಒಂದು ಮಾತು ಬೇಕಿತ್ತು, ಅದು ನಾಲಿಗೆಯ ತುದಿಯಲ್ಲೇ ಇತ್ತು.

"ಹೌದಾ? ನಿಮ್ ತಾಯಿಗೆ ದಿನಾ ಗಂಜಿ ಕುಡಿಸೋಳೂ ಬಾರ್ಡರ್ ಆಚೆಯಿಂದ ಬಂದೋಳೇ. ಅವಳೂ ಕಳ್ಳಿನಾ, ಹೇಳಿ!"

ಹುಡುಗರ ನಗು ನಿಂತಿತು. ಗೆದ್ದೆ ಎಂದು ಅವನಿಗೆ ಒಂದು ಕ್ಷಣ ಅನಿಸಿತು. ಆಮೇಲೆ ದೊಡ್ಡಪ್ಪ ನೋಡುತ್ತಿದ್ದ ಕಡೆ ತಿರುಗಿದ. ಅಜ್ಜಿಯ ಕೋಣೆಯ ಬಾಗಿಲಲ್ಲಿ ಗೌಹರ್ ನಿಂತಿದ್ದಳು. ಸಿಟ್ಟಿರಲಿಲ್ಲ. ಗೊತ್ತಿಲ್ಲದವರನ್ನು ನೋಡುವಂತೆ ಅವನನ್ನು ನೋಡಿ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಪೊಲೀಸರು ಬಂದರು. ಹೇಳಿಕಳಿಸಿದ್ದು ದೊಡ್ಡಪ್ಪನಲ್ಲ. ಹಜಾರದಲ್ಲಿದ್ದ ಹುಡುಗರಲ್ಲಿ ಯಾರೋ. ಎಂದಿನಂತೆ ಕೆಲಸಕ್ಕೆ ಬಂದಿದ್ದ ಗೌಹರಳನ್ನು ಮಹಿಳಾ ಪೇದೆ ಹೊರಗೆ ಕರೆತಂದಳು. ಎದುರು ಮನೆಯವರು, ಹಾಲಿನವನು, ಇಸ್ತ್ರಿ ಗಾಡಿಯವನು, ಎಲ್ಲರೂ ಗೇಟಿನ ಬಳಿ ಸೇರಿದ್ದರು.

ಸಬ್ ಇನ್ಸ್‌ಪೆಕ್ಟರ್ ಯೋಗಾನಂದನನ್ನು ಕೇಳಿದರು. "ನಿಮಗೇನಾಗ್ಬೇಕು ಇವರು?"

ಬೀದಿಯೆಲ್ಲ ಅವನ ಬಾಯಿಯನ್ನೇ ನೋಡುತ್ತಿತ್ತು. "ಅಜ್ಜಿನ ನೋಡ್ಕೊಳ್ಳೋಕೆ ಬರ್ತಾರೆ."

"ಅಷ್ಟೇನಾ?"

"ಅಷ್ಟೇ."

ಗೌಹರ್ ಬಗ್ಗಿ ಚಪ್ಪಲಿ ಹಾಕಿಕೊಂಡಳು. ಜೀಪು ಹತ್ತುವಾಗ ಅವನ ಕಡೆ ತಿರುಗಲೂ ಇಲ್ಲ.

ಒಳಗಿಂದ ಅಜ್ಜಿ ಕೂಗುತ್ತಲೇ ಇದ್ದಳು. "ಎಲ್ಲೋದ್ಳೋ ಅವ್ಳು? ಯೋಗಿ, ಎಲ್ಲೋದ್ಳೋ?" ಉತ್ತರ ಹೇಳಲು ಆ ಕೋಣೆಗೆ ಕಾಲಿಡುವ ಧೈರ್ಯ ಅವನಿಗೆ ಬರಲಿಲ್ಲ.

ಯೋಗಾನಂದ ತನ್ನ ಪಕ್ಷದ ಮುಖಂಡನಿಗೆ ಫೋನ್ ಮಾಡಿದ. ಇದೇ ಹಕ್ಕುಗಳ ಬಗ್ಗೆ ವೇದಿಕೆಯ ಮೇಲೆ ಗಂಟಲು ಹರಿದುಕೊಳ್ಳುತ್ತಿದ್ದ ಮನುಷ್ಯ. "ಮಗಾ, ಭಾಷಣ ಬೇರೆ, ಇದು ಬೇರೆ. ಎಲೆಕ್ಷನ್ ಹತ್ರ ಬರ್ತಿದೆ. ನನ್ನ ಹೆಸರು ಎತ್ಬೇಡ," ಎಂದು ಫೋನ್ ಇಟ್ಟ. ಯೋಗಾನಂದನಿಗೆ ಬೈಯಬೇಕೆನಿಸಿತು. ಆದರೆ ತಾನು ಮಾಡಿದ್ದೂ ಅದನ್ನೇ ಅಲ್ಲವೇ?

ಆರ್.ಟಿ. ನಗರದಲ್ಲಿ ವಕೀಲೆಯಾಗಿದ್ದ ತೇಜಸ್ವಿನಿ ಒಂದು ಕಾಲದಲ್ಲಿ ಅವನ ವಿದ್ಯಾರ್ಥಿನಿ. ಅವಳ ಕಚೇರಿಗೆ ಓಡಿದ. ಎಲ್ಲ ಕೇಳಿಸಿಕೊಂಡು ಕರಿಕೋಟು ಕೈಗೆತ್ತಿಕೊಂಡಳು.

"ಕಾಗದ ಇರಲಿ, ಇಲ್ದಿರಲಿ ಸರ್, ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸ್ಬೇಕು. ಯಾಕೆ ಹಿಡಿದ್ರು ಅಂತ ಹೇಳ್ಬೇಕು. ವಕೀಲರನ್ನ ಇಟ್ಕೊಳ್ಳೋಕೆ ಬಿಡ್ಬೇಕು." ಬಾಗಿಲ ಬಳಿ ನಿಂತು ಮೆಲ್ಲಗೆ ಹೇಳಿದಳು. "ನೀವೇ ಪಾಠ ಮಾಡಿದ್ರಿ."

ಅವನು ತಲೆ ತಗ್ಗಿಸಿ ಅವಳ ಹಿಂದೆ ನಡೆದ.

ಕೆಲವು ದಿನಗಳ ನಂತರ ಜಾಮೀನು ಸಿಕ್ಕಿತು. ಮನೆಯ ಪತ್ರ ಇಟ್ಟು ಯಾರಾದರೂ ಹೊಣೆ ನಿಲ್ಲಬೇಕಿತ್ತು. ಯೋಗಾನಂದನ ಹೆಸರಿನಲ್ಲಿ ಏನೂ ಇರಲಿಲ್ಲ. ಅವನು ಕೋರ್ಟಿನ ಮೆಟ್ಟಿಲ ಮೇಲೆ ಕೈಚೆಲ್ಲಿ ನಿಂತಿದ್ದಾಗ ದೊಡ್ಡಪ್ಪನ ಕಾರು ಬಂತು. ಹಿಂದಿನ ಸೀಟಿನಲ್ಲಿ ಗೋಪಾಲಮ್ಮ, ಮಡಿಲಲ್ಲಿ ತನ್ನ ಹೆಸರಿನ ಮನೆಯ ಪತ್ರ.

"ಅಮ್ಮ ಅನ್ನ ಬಿಟ್ಟವ್ಳೆ," ಎಂದ ದೊಡ್ಡಪ್ಪ ಗಾಲಿಕುರ್ಚಿ ಬಿಡಿಸುತ್ತಾ. "ಅದಕ್ಕೆ ಕರ್ಕೊಂಡ್ ಬಂದೆ. ನನ್ ಮಾತು ಬದಲಾಗಿಲ್ಲ. ಹುಡುಗಿ ಒಳ್ಳೇಳು, ಇಲ್ಲ ಅನ್ನಲ್ಲ. ಆದ್ರೆ ದೇಶಕ್ಕೊಂದು ಬಾಗಿಲು ಬೇಡ್ವೇನೋ?"

ಹಿಂದಿನ ಯೋಗಾನಂದನಾಗಿದ್ದರೆ ಇದಕ್ಕೆ ಹತ್ತು ಉತ್ತರ ಕೊಡುತ್ತಿದ್ದ. ಈಗ ಕುರ್ಚಿಯ ಇನ್ನೊಂದು ಬದಿ ಹಿಡಿದ.

ಸಂಜೆ ಎಲ್ಲರೂ ಕಾಯುತ್ತಿದ್ದಾಗ ಜೈಲಿನ ಗೇಟಿನಿಂದ ಗೌಹರ್ ಹೊರಗೆ ಬಂದಳು. ಸೊರಗಿದ್ದಳು. ಮೊದಲು ಅಜ್ಜಿಯ ಸೀರೆಯ ನೆರಿಗೆ ಸರಿ ಮಾಡಿದಳು. ಯೋಗಾನಂದ ಅವಳ ಮುಂದೆ ಹೋಗಿ ನಿಂತ. ದೊಡ್ಡಪ್ಪ, ವಕೀಲೆ, ಪೇದೆ, ಎಲ್ಲರಿಗೂ ಕೇಳುವಂತೆ ಹೇಳಿದ.

"ಅವತ್ತು ಅಷ್ಟೇ ಅಂದೆ. ಸುಳ್ಳು. ನಾನು ಇವಳನ್ನ ಪ್ರೀತಿಸ್ತೀನಿ. ಮದುವೆ ಆಗ್ಬೇಕು ಅಂತಿದೀನಿ."

ಗೌಹರ್ ಅವನ ಕಣ್ಣನ್ನೇ ನೋಡಿದಳು. "ಗೆಲ್ಲೋಕೆ ನನ್ನ ವಿಷಯ ಎತ್ತಿದ್ರಿ. ನೀವು ಉಳ್ಕೊಳ್ಳೋಕೆ ಮುಚ್ಚಿಟ್ರಿ. ಇವತ್ತು ಯಾತಕ್ಕೆ ಹೇಳ್ತಿದೀರ?"

"ನಾಚಿಕೆ ಆಗಿ."

"ನಾಚಿಕೆಗೋಸ್ಕರ ಮದುವೆ ಆಗೋರ ಜೊತೆ ನಾನು ಬಾಳಲ್ಲ ಮೇಷ್ಟ್ರೇ."

"ನಾಚಿಕೆ ಈಗ ಬಂದದ್ದು. ಪ್ರೀತಿ ನೀನು ಅಳಿಯಂದ್ರೇ ಅಂದಾಗಿಂದ ಇದೆ."

ಅವಳ ರೆಪ್ಪೆ ಒಮ್ಮೆ ಅಲುಗಿತು. "ಮದುವೆ ಆದ್ರೂ ನಂಗೆ ಕಾಗದ ಸಿಗಲ್ವಂತೆ. ವಕೀಲ್ರು ಹೇಳಿದ್ರು. ಕೇಸು ಸೋತ್ರೆ ಕಳಿಸ್ತಾರೆ."

"ಗೊತ್ತು. ಕಾಗದಕ್ಕೆ ಮದುವೆ ಆದ್ಳು ಅಂತ ಯಾರೂ ಅನ್ನೋಕಾಗಲ್ಲ, ಅಷ್ಟಾದ್ರೂ ಒಳ್ಳೇದೇ."

ದೊಡ್ಡಪ್ಪ ಕೆಮ್ಮಿ ಆಚೆ ತಿರುಗಿದ. ಗೌಹರ್ ಅಜ್ಜಿಯ ಕುರ್ಚಿ ತಳ್ಳಿಕೊಂಡು ಕಾರಿನ ಕಡೆ ಹೊರಟಳು.

ಕೇಸು ಮುಗಿಯುವವರೆಗೆ ಅವಳು ಅಜ್ಜಿಯ ವಿಳಾಸದಲ್ಲೇ ಇರಬೇಕೆಂಬುದು ಕೋರ್ಟಿನ ಷರತ್ತು. ಅವನಿರುವ ಸೂರಿನಡಿ ಮಲಗಲು ಅವಳು ಒಪ್ಪಲಿಲ್ಲ. ಯೋಗಾನಂದ ಟಿ. ದಾಸರಹಳ್ಳಿಯಲ್ಲಿ ಒಂದು ರೂಮು ಹಿಡಿದ. ಭಾನುವಾರ ಬಂದು ಅಜ್ಜಿಯ ಪಕ್ಕ ಕೂತು ಹೋಗುತ್ತಿದ್ದ. ಮೊದಲು ಗೌಹರ್ ಕೋಣೆಯಿಂದ ಎದ್ದು ಹೋಗುತ್ತಿದ್ದಳು. ಆಮೇಲೆ ಕೂತಿರುತ್ತಿದ್ದಳು. ಒಂದು ದಿನ ಬಸ್ ಸ್ಟಾಪಿನವರೆಗೆ ಜೊತೆಗೆ ಬಂದಳು.

ಸ್ಟಾಪಿನಲ್ಲಿ ದೊಡ್ಡಪ್ಪನ ಪಕ್ಷದ ಹುಡುಗರು ಗುಂಪಾಗಿ ನಿಂತಿದ್ದರು. ಮಾತು ನಿಲ್ಲಿಸಿ ಇಬ್ಬರನ್ನೂ ನೋಡಿದರು. ಯೋಗಾನಂದ ಅಲ್ಲಿಂದ ಸರಿಯಲಿಲ್ಲ.

"ನಾಚಿಕೆ ಕಮ್ಮಿ ಆಯ್ತಾ?" ಎಂದಳು ಗೌಹರ್, ರಸ್ತೆ ನೋಡುತ್ತಾ.

"ಇಲ್ಲ. ರಾತ್ರಿ ನಿದ್ದೆ ಬರಲ್ಲ."

"ನಂಗೂ ಬರಲ್ಲ. ಸಿಟ್ಟಿಗೆ." ಕಾಲ ಬಳಿಯ ಕಲ್ಲೊಂದನ್ನು ಚಪ್ಪಲಿಯಿಂದ ಸರಿಸಿದಳು. "ಸಿಟ್ಟು ಕಳೀತು ಅಂತ ಅಂದ್ಕೋಬೇಡಿ. ಆದ್ರೆ ಭಾನುವಾರ ಮೂರಾದ್ರೆ ಗೇಟು ಸದ್ದಾಯ್ತಾ ಅಂತ ಕಿವಿ ಕೊಡ್ತೀನಿ. ಅದಕ್ಕೂ ನಂಗೇ ನಾಚಿಕೆ."

ಬಸ್ಸು ಬಂತು. ಯೋಗಾನಂದ ಹತ್ತಲು ಕಾಲೆತ್ತಿದಾಗ ಅವನ ಅಂಗಿಯ ತೋಳು ಹಿಂದಕ್ಕೆ ಎಳೆದಂತಾಯಿತು. ಅಷ್ಟು ಜನರೆದುರು ಗೌಹರ್ ಅದನ್ನು ಹಿಡಿದಿದ್ದಳು, ಮುಖ ಮಾತ್ರ ಬೇರೆ ಕಡೆ.

"ಮುಂದಿನ ಬಸ್ಸಿಗೆ ಹೋಗಿ," ಎಂದಳು.