ಗೆಜ್ಜೆ ಕಟ್ಟಿದ ಕರಿಬೇವು

“ಭಾನೂ, ಬೇಗ ಬಾ! ಕಳ್ಳತನ ಆಗಿದೆ!”

ಅಪ್ಪನ ಕೂಗು ಕೇಳಿ ತನ್ಮಯಿ ತಿನ್ನುತ್ತಿದ್ದ ದೋಸೆ ಬಿಟ್ಟು ಹೊರಗೆ ಓಡಿದಳು. ಅಮ್ಮ ಸೌಟು ಹಿಡಿದುಕೊಂಡೇ ಬಂದರು. ಕಾರಿಡಾರಿನಲ್ಲಿ ಅಪ್ಪ ಕರಿಬೇವಿನ ಕುಂಡದ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದರು. ಮೈಮೇಲೆ ಬನಿಯನ್, ಪಂಚೆ. ಭಾನುವಾರವಾದರೂ ಸೊಂಟದಲ್ಲಿ ಪೇಜರ್ ಸಿಕ್ಕಿಸಿಕೊಂಡಿದ್ದರು.

“ತುದಿ ನೋಡು. ನಿನ್ನೆ ಇಷ್ಟುದ್ದ ಚಿಗುರಿತ್ತು. ಈಗ ಬರೀ ಕಡ್ಡಿ!”

“ಗಾಳಿಗೆ ಉದುರಿರ್ಬೇಕು ಬಿಡಿ” ಎಂದರು ಅಮ್ಮ.

“ಯಾವ ಗಾಳಿ? ಜೂನ್ ತಿಂಗಳಲ್ಲಿ ಹೌಗಾಂಗಲ್ಲಿ ಗಾಳಿ ಎಲ್ಲಿದೆ? ಇದು ಮನುಷ್ಯರ ಕೆಲಸ.”

ತನ್ಮಯಿಯ ಅಪ್ಪ ಹಯಗ್ರೀವ ಬ್ಯಾಂಕಿನಲ್ಲಿ ಆಡಿಟರ್. ಬೇರೆಯವರ ತಪ್ಪು ಹುಡುಕುವುದಕ್ಕೇ ಅವರಿಗೆ ಸಂಬಳ. ರಜಾದಿನದಲ್ಲೂ ಆ ಅಭ್ಯಾಸ ಬಿಡುತ್ತಿರಲಿಲ್ಲ. ಮೈಸೂರಿನಲ್ಲಿದ್ದಾಗ ಒಂದು ಗಿಡಕ್ಕೂ ಚೊಂಬು ನೀರು ಹಾಕಿದವರಲ್ಲ. ಪರದೇಶದ ಈ ಹೌಗಾಂಗಿಗೆ, ಏಳನೇ ಮಹಡಿಯ ಫ್ಲ್ಯಾಟಿಗೆ ಬಂದ ಮೇಲೆ ದೊಡ್ಡ ತೋಟಗಾರರಾಗಿದ್ದರು. ಅವರ ಟೊಮೇಟೊ ಗಿಡ ಬಿಸಿಲಿಗೆ ಬಾಡಿತು. ಕೊತ್ತಂಬರಿಯನ್ನು ಮೈನಾ ಹಕ್ಕಿ ಕೆದಕಿ ಹಾಕಿತು. ಉಳಿದದ್ದು ಕರಿಬೇವು ಒಂದೇ.

ಅದನ್ನು ನರ್ಸರಿಯಲ್ಲಿ ಕೊಂಡದ್ದು. ನರ್ಸರಿಗೆ ಅದು ಮಲೇಷ್ಯಾದಿಂದ ಲಾರಿಯಲ್ಲಿ ಬಂದಿತ್ತು. ಆದರೂ ಮನೆಗೆ ಬಂದವರಿಗೆಲ್ಲ ಅಪ್ಪ, “ಇದು ನಮ್ಮ ಮೈಸೂರು ತಳಿ. ಘಮ ನೋಡಿ” ಎನ್ನುತ್ತಿದ್ದರು. ಬಂದವರು ಬಗ್ಗಿ, ಮೂಸಿ, “ಹೌದು, ಹೌದು” ಎನ್ನುತ್ತಿದ್ದರು. ಕಾಫಿ ಇನ್ನೂ ಬಂದಿರುತ್ತಿರಲಿಲ್ಲವಲ್ಲ!

ಅಪ್ಪ ಎದ್ದು ನಿಂತು ದನಿ ತಗ್ಗಿಸಿದರು. “ನಿನ್ನೆ ವಿಮಲಾ ಅವರ ಮನೆಯಿಂದ ಒಗ್ಗರಣೆ ವಾಸನೆ ಬಂತೋ ಇಲ್ವೋ?”

“ನಮ್ಮನೆಯಿಂದಲೂ ಬಂತು” ಎಂದರು ಅಮ್ಮ. “ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ನೀವು ಮೂಗಲ್ಲೇ ತೀರ್ಪು ಕೊಡ್ತಿದೀರಲ್ಲ!”

ವಿಮಲಾ ಆಂಟಿಯದು ಕಾರಿಡಾರಿನ ಕೊನೆಯ ಮನೆ. ಉಡುಪಿಯವರು. ಅವರ ಮಗ ಗೌರವ್ ತನ್ಮಯಿಯ ಕ್ಲಾಸ್‌ಮೇಟ್. ಅಡುಗೆ ಮಾಡುವಾಗ ಆಂಟಿ ನಡೆದು ಬಂದು ಒಂದು ಎಸಳು ಕರಿಬೇವು ಕಿತ್ತುಕೊಳ್ಳುತ್ತಿದ್ದರು. ಹಾಗೇ ಬಾಗಿಲಲ್ಲಿ ತಲೆ ಹಾಕಿ, “ಭಾನು, ಇವತ್ತೆಂತ ಸಾರು?” ಎಂದು ಕೇಳಿ ಹೋಗುತ್ತಿದ್ದರು. “ಬೇಕಾದಾಗ ಕಿತ್ಕೊಳ್ಳಿ, ಕೇಳೋದೆಲ್ಲ ಯಾಕೆ?” ಎಂದು ಯುಗಾದಿಯ ದಿನ ಹೇಳಿದವರು ಅಪ್ಪನೇ. ಆಗ ಅವರ ಬಾಯಲ್ಲಿ ಆಂಟಿ ಕೊಟ್ಟ ಪತ್ರೊಡೆ ಇತ್ತು.

“ಕಳ್ಳರು ಯಾರೇ ಆಗಲಿ, ಬಿಡೋದಿಲ್ಲ” ಎಂದರು ಅಪ್ಪ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ತನ್ಮಯಿ ತನ್ನ ಕಾಲ್ಬೆರಳು ನೋಡಿಕೊಂಡಳು. ಅವಳಿಗೆ ಕಳ್ಳರು ಯಾರೆಂದು ಗೊತ್ತಿತ್ತು.

ಅವು ಎರಡು ಹುಳುಗಳು. ಮೊದಲು ಹಕ್ಕಿಯ ಹಿಕ್ಕೆಯ ಹಾಗಿದ್ದವು. ಈಗ ಕಿರುಬೆರಳಷ್ಟು ದಪ್ಪವಾಗಿ, ಹಸಿರಾಗಿ, ಎಲೆಯ ಅಡಿಯಲ್ಲಿ ಅಂಟಿಕೊಂಡಿದ್ದವು. ಅಪ್ಪ ಹುಡುಕುತ್ತಿದ್ದದ್ದು ಮನುಷ್ಯರನ್ನು, ಹಾಗಾಗಿ ಹುಳು ಕಾಣಲಿಲ್ಲ.

“ಚಿಟ್ಟೆ ಆಗ್ತವೆ, ಸೈನ್ಸ್ ಬುಕ್ಕಲ್ಲಿದೆ” ಎಂದು ಗೌರವ್ ಮೊದಲೇ ಹೇಳಿದ್ದ. ಇಲ್ಲಿನ ಮಕ್ಕಳ ಹಾಗೆ ಮಾತಿಗೆ ‘ಲಾ’ ಸೇರಿಸುವುದು ಅವನ ಅಭ್ಯಾಸ. “ನಿಮ್ಮಪ್ಪಂಗೆ ಹೇಳ್ಬೇಡ ಲಾ. ಸ್ಪ್ರೇ ಹೊಡೀತಾರೆ. ಕನ್ಫರ್ಮ್ ಸಾಯ್ತವೆ!”

ಹೇಳುವುದಿಲ್ಲ ಎಂದು ತನ್ಮಯಿ ಮಾತು ಕೊಟ್ಟಿದ್ದಳು. ಅಪ್ಪ ಇರುವೆಗಳಿಗೆ ಹೊಡೆದ ಸ್ಪ್ರೇ ಡಬ್ಬಿಯಲ್ಲಿ ಇನ್ನೂ ಅರ್ಧ ಉಳಿದಿತ್ತು.

ಅಂದೇ ಅಪ್ಪ ಒಂದು ಉಪಾಯ ಮಾಡಿದರು. ತನ್ಮಯಿಯ ಡಾನ್ಸ್ ಕ್ಲಾಸಿನ ಗೆಜ್ಜೆ ತಂದು ಗಿಡಕ್ಕೆ ಸುತ್ತಿ ಕಟ್ಟಿದರು. ಯಾರು ಮುಟ್ಟಿದರೂ ಝಲ್ ಎನ್ನಬೇಕು.

“ಅಪ್ಪಾ, ನಾಳೆ ನಂಗೆ ಡಾನ್ಸ್ ಕ್ಲಾಸಿದೆ!”

“ಒಂದು ವಾರ ಬರಿಗಾಲಲ್ಲಿ ಕುಣಿ.”

ಇಲ್ಲ ಎಂದಿದ್ದ ಗಾಳಿ ಮಧ್ಯಾಹ್ನವೇ ಬೀಸಿತು. ಝಲ್! ಅಪ್ಪ ಊಟ ಬಿಟ್ಟು ಓಡಿದರು. ಆಮೇಲೆ ಮೈನಾ ಬಂದು ಕೂತಿತು. ಝಲ್! ಅಪ್ಪ ನಿದ್ದೆಯಿಂದ ಎದ್ದು ಓಡಿದರು. ಪಕ್ಕದ ಮನೆಯ ಟಾನ್ ಅಂಕಲ್ ಗೇಟಿನಲ್ಲಿ ನಿಂತು, “ವಾ, ಫೆಸ್ಟಿವಲ್ ಆ?” ಎಂದು ಕೇಳಿದರು. ಅಪ್ಪ, “ಯೆಸ್, ಯೆಸ್” ಎಂದು ಒಳಗೆ ಬಂದರು.

ಸಂಜೆ ಮತ್ತೆ ಝಲ್ ಎಂದಿತು. ಈ ಸಲ ನಿಂತಿದ್ದವರು ವಿಮಲಾ ಆಂಟಿ. ಅವರ ಕೈಯಲ್ಲಿ ಒಂದು ಎಸಳು ಕರಿಬೇವಿತ್ತು.

“ಸಿಕ್ಕಿಬಿದ್ರಲ್ಲ!” ಅಪ್ಪ ಕೂಗಿದ್ದು ಕಾರಿಡಾರಿಗೆಲ್ಲ ಕೇಳಿತು. “ಅಂದ್ರೆ ಚಿಗುರು ಕಿತ್ತಿದ್ದೂ ನೀವೇನಾ?”

ಆಂಟಿಗೆ ಏನೂ ತಿಳಿಯಲಿಲ್ಲ. “ಎಂಥ ಮಾರಾಯ್ರೇ? ಬೇಕಾದಾಗ ತಗೊಳ್ಳಿ ಅಂತ ನೀವೇ ಹೇಳಿದ್ದಲ್ವಾ? ನಾನು ಒಂದೇ ಎಸಳು...”

“ಒಂದೇ ಎಸಳು ಅಂತಲೇ ಇಡೀ ಚಿಗುರು ಖಾಲಿ ಆಗಿದೆ!”

ಟಾನ್ ಅಂಕಲ್ ಮತ್ತೆ ಗೇಟಿಗೆ ಬಂದರು. ಆಂಟಿಯ ಮುಖ ಕೆಂಪಾಯಿತು. ಕೈಯಲ್ಲಿದ್ದ ಎಸಳನ್ನು ಕುಂಡದ ಮಣ್ಣಿನ ಮೇಲೆ ಮೆಲ್ಲಗೆ ಇಟ್ಟು ಹೋದರು. ತನ್ಮಯಿ ಬಾಗಿಲ ಹಿಂದೆ ನಿಂತಿದ್ದಳು. ಬಾಯಿ ತೆರೆಯಬೇಕು ಅನಿಸಿತು, ಆದರೆ ತೆರೆಯಲಿಲ್ಲ. ಅದಕ್ಕಾಗಿ ಅವಳಿಗೆ ಆಮೇಲೆ ತುಂಬ ನಾಚಿಕೆಯಾಯಿತು.

ಮಾರನೆಯ ದಿನ ಕಟ್ಟಡದ ಕೆಳಗಿನ ಖಾಲಿ ಜಾಗದಲ್ಲಿ, ವಾಯ್ಡ್ ಡೆಕ್‌ನಲ್ಲಿ, ಗೌರವ್ ಒಬ್ಬನೇ ಗೋಡೆಗೆ ಚೆಂಡು ಹೊಡೆಯುತ್ತಿದ್ದ. ತನ್ಮಯಿ ಹತ್ತಿರ ಹೋದರೂ ತಿರುಗಲಿಲ್ಲ.

“ನಿಮ್ಮಪ್ಪ ನಮ್ಮಮ್ಮನ್ನ ಕಳ್ಳಿ ಅಂದ್ರು.”

“ಕಳ್ಳಿ ಅಂತ ಅನ್ಲಿಲ್ಲ ಗೌರವ್...”

“ಸೇಮ್ ಲಾ! ನಿಂಗೆ ಗೊತ್ತಿತ್ತು. ಯಾಕೆ ಸುಮ್ನಿದ್ದೆ?”

“ಹೇಳ್ಬೇಡ ಅಂದಿದ್ದು ನೀನೇ ಅಲ್ವಾ!”

“ಅದು ಮೊದ್ಲು. ಈಗ ಅಮ್ಮ ಅಳ್ತಿದಾಳೆ.” ಅವನು ಚೆಂಡು ಎತ್ತಿಕೊಂಡು ಲಿಫ್ಟಿನ ಕಡೆ ನಡೆದ.

ತನ್ಮಯಿ ಮೆಟ್ಟಿಲು ಹತ್ತಿಯೇ ಮನೆಗೆ ಬಂದಳು. ಹೇಳಿದರೆ ಹುಳು ಸಾಯುತ್ತವೆ. ಹೇಳದಿದ್ದರೆ ಆಂಟಿ ಕಳ್ಳಿಯಾಗಿಯೇ ಉಳಿಯುತ್ತಾರೆ. ಅಪ್ಪ ಆಫೀಸಿನಿಂದ ಬರುವವರೆಗೂ ಯೋಚಿಸಿದಳು. ಕೊನೆಗೆ ಖಾಲಿ ಐಸ್‌ಕ್ರೀಮ್ ಡಬ್ಬಿ ತಂದು ಎರಡೂ ಹುಳುಗಳನ್ನು ಅದರೊಳಗೆ ಬಿಟ್ಟಳು. ಅವಕ್ಕೆ ತಿನ್ನಲು ಬೇಕಲ್ಲ ಎಂದು ದೊಡ್ಡ ಎಸಳೊಂದನ್ನು ಕಿತ್ತಳು.

ಝಲ್!

ಅಪ್ಪ ಟೈ ಬಿಚ್ಚುತ್ತಲೇ ಓಡಿ ಬಂದರು. “ಸಿಕ್ಕಿ...” ಎಂದವರು ಅರ್ಧಕ್ಕೇ ನಿಂತರು.

“ನಾನೇ ಅಪ್ಪಾ. ಕಳ್ಳರು ಇದರೊಳಗಿದಾರೆ.” ತನ್ಮಯಿ ಡಬ್ಬಿಯನ್ನು ಮುಂದೆ ಹಿಡಿದಳು. “ನಂಗೆ ಮೊದಲೇ ಗೊತ್ತಿತ್ತು. ನೀವು ಸಾಯಿಸ್ತೀರಾ ಅಂತ ಹೇಳ್ಲಿಲ್ಲ. ಆಂಟಿ ಏನೂ ಮಾಡಿಲ್ಲ.”

ಅಪ್ಪ ಡಬ್ಬಿಯೊಳಗೆ ನೋಡಿದರು. ನಂಬಿಕೆಯಾಗದೆ ಬೆರಳಿನಿಂದ ಒಂದು ಹುಳುವನ್ನು ತಿವಿದರು. ಹುಳು ತಲೆ ಎತ್ತಿ ಕೆಂಪು ಕೊಂಬು ಹೊರಹಾಕಿತು. ಘಾಟು ವಾಸನೆ ಬಂತು. ಅಪ್ಪ “ಅಯ್ಯಯ್ಯೋ!” ಎಂದು ಹಾರಿ ಚಪ್ಪಲಿ ಸ್ಟ್ಯಾಂಡಿನ ಮೇಲೆ ಬಿದ್ದರು.

ಅಮ್ಮ ಬಂದು ಡಬ್ಬಿ ನೋಡಿದರು, ಅಪ್ಪನನ್ನೂ ನೋಡಿದರು. “ಆಡಿಟ್ ಮುಗೀತಾ?”

“ಆ ಸ್ಪ್ರೇ ತಾ” ಎಂದರು ಅಪ್ಪ.

“ಸ್ಪ್ರೇ ಎಲ್ಲೂ ಹೋಗಲ್ಲ. ಮೊದಲು ವಿಮಲಾ ಮನೆಗೆ ಹೋಗಿ ಬನ್ನಿ.”

ಅಪ್ಪ ಗೆಜ್ಜೆ ಬಿಚ್ಚಿ, ಅರ್ಧ ಗಿಡವನ್ನೇ ಕತ್ತರಿಸಿ ಪೇಪರಿನಲ್ಲಿ ಸುತ್ತಿದರು. “ತನು, ನೀನೇ ಕೊಟ್ಟು ಬಾ” ಎಂದರು. ತನ್ಮಯಿ ಕೈ ಹಿಂದಕ್ಕೆ ಕಟ್ಟಿಕೊಂಡಳು. ಕೊನೆಗೆ ಇಬ್ಬರೂ ಹೋದರು.

ನಿನ್ನೆ ಕಾರಿಡಾರಿಗೆಲ್ಲ ಕೇಳಿದ್ದ ದನಿ ಇವತ್ತು ಪಿಸುಮಾತಾಗಿತ್ತು. “ಈ ಸಲ ಬಿಸಿಲು ಜಾಸ್ತಿ ಅಲ್ವಾ?” ಎಂದರು ಅಪ್ಪ. ಆಂಟಿ ಬಾಗಿಲಲ್ಲೇ ನಿಂತಿದ್ದರು. “ಅದು... ಹುಳ ತಿಂದಿದ್ದು, ವಿಮಲಾ ಅವ್ರೆ. ಈ ಹುಳಗಳೇ ಹೀಗೆ.”

“ಸಾರಿ ಆಂಟಿ” ಎಂದಳು ತನ್ಮಯಿ. “ನಂಗೆ ಗೊತ್ತಿದ್ರೂ ಹೇಳ್ಲಿಲ್ಲ.”

ಆಂಟಿ ಅವಳ ತಲೆ ಸವರಿದರು. ಪೊಟ್ಟಣ ತೆಗೆದುಕೊಂಡು, “ಥ್ಯಾಂಕ್ಸ್ ಸರ್” ಎಂದರು.

“ನೋಡು, ಎಲ್ಲಾ ಸರಿಹೋಯ್ತು!” ಎಂದು ಅಪ್ಪ ಹಗುರವಾಗಿ ಹಿಂದಿರುಗಿದರು. ಆ ಖುಷಿಯಲ್ಲಿ ಹುಳುಗಳಿಗೆ ಕ್ಷಮೆಯೂ ಸಿಕ್ಕಿತು. ಗೌರವ್ ಕೋಪ ಮರೆತು ದಿನಾ ಬಂದು ಡಬ್ಬಿ ನೋಡತೊಡಗಿದ. ಜೂನ್ ರಜೆ ಮುಗಿದು ಸ್ಕೂಲು ಶುರುವಾಗುವ ಹೊತ್ತಿಗೆ ಎರಡೂ ಕಪ್ಪು ಚಿಟ್ಟೆಗಳಾಗಿ ಕಾರಿಡಾರಿನಿಂದ ಹಾರಿಹೋದವು. ಬೋಳಾಗಿದ್ದ ಗಿಡವೂ ಮತ್ತೆ ಚಿಗುರಿತು.

ಒಂದು ಶನಿವಾರ ಬೆಳಿಗ್ಗೆ ಕಾಲಿಂಗ್ ಬೆಲ್ ಆಯಿತು. ಗಿಡದ ಪಕ್ಕದಲ್ಲೇ ವಿಮಲಾ ಆಂಟಿ ನಿಂತಿದ್ದರು.

“ಒಂದು ಎಸಳು ಕರಿಬೇವು ತಗೊಳ್ಳಬಹುದಾ, ಸರ್?”

“ಓಹೋ, ಧಾರಾಳವಾಗಿ!” ಎಂದರು ಅಪ್ಪ.

ಆಂಟಿ ಚಿಕ್ಕದೊಂದು ಎಸಳು ಕಿತ್ತು, “ಥ್ಯಾಂಕ್ಸ್” ಎಂದು ಹೊರಟರು. ಅಮ್ಮನ ಸಾರು ಏನೆಂದು ಕೇಳಲಿಲ್ಲ.

“ನೋಡಿದ್ಯಾ ಎಷ್ಟು ಡೀಸೆಂಟ್!” ಅಪ್ಪ ಪೇಪರ್ ಬಿಡಿಸಿದರು. “ಬೆಲ್ ಮಾಡಿ, ಕೇಳಿ ತಗೊಂಡ್ರು. ಹೀಗಿರ್ಬೇಕು ನೆರೆಹೊರೆ.”

ಆಂಟಿ ಕೇಳದೆ ಕಿತ್ತುಕೊಳ್ಳುತ್ತಿದ್ದಾಗಲೇ ಚೆನ್ನಾಗಿತ್ತು ಎಂದು ತನ್ಮಯಿಗೆ ಅನಿಸಿತು. ಅದನ್ನು ಅಪ್ಪನಿಗೆ ಹೇಗೆ ಹೇಳುವುದೆಂದು ಅವಳಿಗೆ ಗೊತ್ತಾಗಲಿಲ್ಲ. ಅವಳು ಚಪ್ಪಲಿ ಮೆಟ್ಟಿಕೊಂಡು ಆಂಟಿಯ ಹಿಂದೆ ಓಡಿದಳು.

“ಆಂಟೀ, ನಿಮ್ಮನೇಲಿ ಇವತ್ತೆಂತ ಸಾರು?”