ತೊಟ್ಟಿಲ ಗೋಡೆಯ ಹಲ್ಲಿಗಳು

ಬೆಳಗಿನ ಐದು ಗಂಟೆಗೆ ಪಡಸಾಲೆಯ ಕಡೆಯಿಂದ ಕರೆಗೂಡು ಎಂಬ ಯಂತ್ರ ಹಲ್ಲಿಯ ದನಿಯಲ್ಲಿ ಲೊಚ್ ಲೊಚ್ ಎಂದಿತು. ಬಚ್ಚಲ ಜಂತಿಗೆ ಅಂಟಿಕೊಂಡಿದ್ದ ಮೋಟುಬಾಲದ ಮೋಟಿ ಎನ್ನುವ ಹಲ್ಲಿ, ಯಾರೋ ಊಟಕ್ಕೆ ಹೇಳಿಕಳಿಸಿದ ಹಾಗೆ ಸರಸರ ಓಡಿಹೋಯಿತು. ಒಲೆಯ ಮುಂದೆ ನೀರು ಕಾಸುತ್ತಿದ್ದ ಗುರವ್ವ ಬೆರಳ ಗೆಣ್ಣಿನಿಂದ ನೆಲ ಬಡಿದು "ಖರೆ, ಖರೆ" ಎಂದಳು. ಅಂದ ಮೇಲೆ ತನ್ನ ಮೇಲೆ ತಾನೇ ಸಿಡಿಮಿಡಿಗೊಂಡಳು. ಮನೆಯಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ. ಖರೆ ಅನ್ನಲಿಕ್ಕೆ ಏನಿತ್ತು?

ಆಡಿದ ಮಾತಿನ ಬೆನ್ನಿಗೇ ಹಲ್ಲಿ ನುಡಿದರೆ ಆ ಮಾತು ನಿಜ, ಕೇಳಿದವರು ನೆಲ ಬಡಿದು ಒಪ್ಪಿಕೊಳ್ಳಬೇಕು ಎನ್ನುವುದು ಇಳಕಲ್ಲಿನ ನೇಕಾರರ ಓಣಿಯ ರೂಢಿ. ಹಲ್ಲಿಯ ದನಿಯಲ್ಲಿ ಯಂತ್ರ ನುಡಿಯುವ ಕಾಲ ಬಂದರೂ ಓಣಿಯವರು ಅದನ್ನು ಬಿಡಲಿಲ್ಲ. ನುಡಿದದ್ದು ಹಲ್ಲಿಯೋ ಯಂತ್ರವೋ ಎಂದು ತಿಳಿಯದೆ ಮೊದಲ ವಾರವಂತೂ ಬಡಿದೂ ಬಡಿದೂ ಗುರವ್ವನ ಗೆಣ್ಣುಗಳು ಕೆಂಪಾಗಿದ್ದವು.

ಸೊಳ್ಳೆಗಳು ಯಾವ ಔಷಧಕ್ಕೂ ಜಗ್ಗದಂತಾದ ಕಾಲವದು. ಹೊಗೆ, ಬತ್ತಿ, ಸಿಂಪಡಣೆ ಎಲ್ಲವೂ ಸೋತ ಮೇಲೆ ವಿಜ್ಞಾನಿಗಳು ಅನಾದಿಕಾಲದಿಂದ ಗೋಡೆಯ ಮೇಲೇ ಇದ್ದ ಮನೆಹಲ್ಲಿಯ ಕಾಲಿಗೆ ಬಿದ್ದರು. ಸೊಳ್ಳೆ ಮನುಷ್ಯನ ಉಸಿರಿನ ಜಾಡು ಹಿಡಿದು ಬರುತ್ತದೆ. ಮಲಗಿದವರು ಅದಕ್ಕೆ ಸುಲಭದ ತುತ್ತು. ಹೀಗಾಗಿ ಗೋಡೆಗೋಡೆಗೂ ಕಡಲೆಕಾಳಿನಷ್ಟು ಉಸಿರುಗ್ರಾಹಿಗಳನ್ನು ಅಂಟಿಸಿದರು. ಅವು ನಿದ್ದೆಯ ನೀಳ ಉಸಿರನ್ನು ಗುರುತಿಸಿದ ಕೂಡಲೇ ಕರೆಗೂಡು ಅದೇ ಗೋಡೆಯಿಂದ ಹಲ್ಲಿಯಂತೆ ನುಡಿಯುತ್ತದೆ. ಮೊಟ್ಟೆಯೊಡೆದು ಬಂದ ದಿನದಿಂದ ಆ ದನಿ ಕೇಳಿಯೇ ಉಂಡು ಬೆಳೆದ ಸಾಕುಹಲ್ಲಿಗಳು ಅಲ್ಲಿಗೆ ಓಡುತ್ತವೆ. ಒಮ್ಮೆ ಹೋದರೆ ಹೊಟ್ಟೆ ತುಂಬುವವರೆಗೆ ಅಲ್ಲಿಂದ ಕದಲುವುದಿಲ್ಲ.

ಗುರವ್ವ ನಾಲ್ಕು ಹಲ್ಲಿಗಳನ್ನು ಸಾಕಿದ್ದಳು. ಅವು ನೆಕ್ಕಲೆಂದು ದಿನಾ ಗೋಡೆಗೆ ನೀರು ಚಿಮುಕಿಸುತ್ತಿದ್ದಳು. ದೇವರ ಗೂಡಿನಲ್ಲಿ ಅವು ಇಟ್ಟ ಮೊಟ್ಟೆಗೆ ಕೈ ತಾಗದಂತೆ ದೀಪ ಹಚ್ಚುತ್ತಿದ್ದಳು. ಈ ಅಕ್ಕರೆಯ ಬುಡದಲ್ಲಿ ಒಂದು ಸಂಕಟವಿತ್ತು. ಆರು ತಿಂಗಳ ಹಿಂದೆ, ಯಂತ್ರ ಈ ಓಣಿಗೆ ಬರುವ ಮೊದಲು, ಎರಡು ವರ್ಷದ ಮೊಮ್ಮಗಳು ಕಸ್ತೂರಿ ಸೊಳ್ಳೆಜ್ವರದಲ್ಲಿ ತೀರಿಕೊಂಡಿದ್ದಳು. ಆ ಕೂಸಿಗೆ ಹಲ್ಲಿಯೆಂದರೆ ಪ್ರಾಣ. ಹಲ್ಲಿ ನುಡಿದರೆ ದೊಡ್ಡವರಂತೆ ತಾನೂ ನೆಲ ಬಡಿಯಬೇಕು. ಬೆರಳು ಮಡಚಲು ಬಾರದೆ ಅಂಗೈ ಊರಿ ಪಟಪಟ ಬಡಿದು, ಎಲ್ಲರ ಮುಖ ನೋಡಿ ನಗುತ್ತಿದ್ದಳು.

ಮಗ ಮುರಿಗೆಪ್ಪ ಒಂದು ಹನಿ ಕಣ್ಣೀರು ಹಾಕಲಿಲ್ಲ. ಮಗಳನ್ನು ಮಣ್ಣು ಮಾಡಿ ಬಂದ ಮೂರನೇ ದಿನ ತೊಟ್ಟಿಲು ಬಿಚ್ಚಿ ಅಟ್ಟಕ್ಕೆ ಹಾಕಿ, ನೇಯಲು ಮಗ್ಗದ ಕುಣಿಗೆ ಇಳಿದುಬಿಟ್ಟ. ಪಡಸಾಲೆಯಲ್ಲಿ ತೊಟ್ಟಿಲ ಕೊಂಡಿಗಳಷ್ಟೇ ಉಳಿದವು. ಅವನ ಬಾಯಲ್ಲಿ ಕೂಸಿನ ಹೆಸರೂ ಬರಲಿಲ್ಲ. ಸೊಸೆ ದಾನಮ್ಮ ಎರಡು ತಿಂಗಳು ನೋಡಿದಳು. "ಆ ಮನಶ್ಯಾಗ ಕರುಳ ಅನ್ನೂದ ಇಲ್ರಿ ಅತ್ತಿ. ಅವನ ಮಾರಿ ನೋಡಕೋತ ನಾ ಇರಲಾರೆ," ಎಂದು ಕುಷ್ಟಗಿಯ ತವರಿಗೆ ಹೋದಳು. ಅವಳು ಹೋದ ವಾರಕ್ಕೇ ಮನೆಗೆ ಕರೆಗೂಡು ಬಂತು.

ಈಗ ನಾಲ್ಕು ತಿಂಗಳ ಮೇಲೆ ಅವಳಿಂದ ಸುದ್ದಿ ಬಂದಿತ್ತು. ಸೋಮವಾರ ಬಂದು ತನ್ನ ಹೊಲಿಗೆ ಮಶೀನು ಒಯ್ಯುತ್ತಾಳಂತೆ. ಮಶೀನು ಹೋದರೆ ದಾನಮ್ಮ ಮತ್ತೆ ಬರುವುದಿಲ್ಲ ಎಂಬುದು ಗುರವ್ವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಮೊಮ್ಮಗಳಂತೂ ಹೋದಳು, ಮಗಳಂಥ ಸೊಸೆಯೂ ಹೋದರೆ ಹೇಗೆ ಎಂಬುದೇ ಅವಳ ಚಿಂತೆ.

ಇಂಥದರಲ್ಲಿ ಕರೆಗೂಡು ಬೇರೆ ಕೆಟ್ಟಿತ್ತು. ಅವಳ ದೂರು ಕೇಳಿ ಶುಕ್ರವಾರ ಡಾ. ಶಾಹಿನಾ ಬಾಗವಾನ ಬಂದರು. ಕರೆಗೂಡನ್ನು ರೂಪಿಸಿದ ವಿಜ್ಞಾನಿಗಳಲ್ಲಿ ಅವರೂ ಒಬ್ಬರು, ವಿಜಯಪುರದ ಕಡೆಯವರು.

"ನಾಲ್ಕೂ ಒಂದ ಗ್ವಾಡಿಗೆ ಹೋಗಿ ಕುಂದರತಾವ್ರಿ ಅಕ್ಕಾರ," ಗುರವ್ವ ತೊಟ್ಟಿಲ ಕೊಂಡಿಯ ಹಿಂದಿನ ಗೋಡೆ ತೋರಿಸಿದಳು. "ಅಲ್ಲಿ ಒಂದ ಸೊಳ್ಳಿ ಇಲ್ಲ. ಇಲ್ಲಿ ಅಡಗಿಮನ್ಯಾಗ ಸೊಳ್ಳಿ ನನ್ನ ಹರಕೊಂಡ ತಿನ್ನಾಕತ್ಯಾವ. ನಿಮ್ಮ ಗೂಡಿಗೆ ತಲಿ ಕೆಟ್ಟೈತಿ ನೋಡ್ರಿ."

ಶಾಹಿನಾ ನಕ್ಕು ಯಂತ್ರದ ದಾಖಲೆಯನ್ನು ಅಂಗೈಯಲ್ಲಿದ್ದ ಪುಟ್ಟ ತೆರೆಯ ಮೇಲೆ ಬಿಡಿಸಿದರು. "ಈ ಗ್ವಾಡಿ ಬುಡಕ ಯಾರ ಮಲಗತಾರ್ರಿ, ಅವ್ವಾರ?"

"ಯಾರೂ ಇಲ್ರಿ. ಮೊದಲಿಗೆ ಕೂಸಿನ ತೊಟ್ಟಲಾ ಇತ್ತು."

"ಯಾರೋ ಮಲಗತಾರ ಅಂತೈತಿ ಇದು. ದಿನಾ ಮುಂಜಾನಿ ಐದಕ್ಕ, ಅರ್ಧ ತಾಸು. ಒಬ್ಬರ ಉಸಿರು. ನಾಲ್ಕ ತಿಂಗಳದಾಗ ಒಂದ ದಿನಾನೂ ತಪ್ಪಿಲ್ಲ."

"ಅದ್ಹೆಂಗ ಆಕ್ಕೈತ್ರಿ? ಐದಕ್ಕ ನಾ ಬಚ್ಚಲದಾಗ ಇರತೀನಿ. ಮುರಿಗೆಪ್ಪ ಎದ್ದು ಮಗ್ಗಕ್ಕ..." ನೀರು ಕಾಯ್ದ ಮೇಲೆಯೇ ಮಗ್ಗದ ಸಪ್ಪಳ ಶುರುವಾಗುವುದು ಗುರವ್ವನಿಗೆ ನೆನಪಾಯಿತು.

ಶಾಹಿನಾ ಕೊಂಡಿಗಳನ್ನು ನೋಡಿದರು, ಮುದುಕಿಯ ಮುಖ ನೋಡಿದರು. ಅವರ ದನಿ ಇಳಿಯಿತು. "ಅವ್ವಾರ, ನಾವು ಯಂತ್ರಕ್ಕ ನಿದ್ದಿಯ ಉಸಿರು ಕಲಿಸೀವಿ. ನಿಟ್ಟುಸಿರು ಕಲಿಸಿಲ್ಲ. ಅದಕ್ಕ ಎರಡೂ ಒಂದ. ಇಲ್ಲಿ ಯಾರೂ ಮಲಗಿಲ್ಲ. ಯಾರೋ ಕುಂತು ನಿಟ್ಟುಸಿರು ಬಿಡಾಕತ್ಯಾರ."

ಹೆತ್ತ ತಾಯಿಯಾಗಿ ತನಗೂ ಮಗನ ದುಃಖ ತಿಳಿಯಲಿಲ್ಲವಲ್ಲ ಎಂದು ಗುರವ್ವನಿಗೆ ನಾಚಿಕೆಯಾಯಿತು, ಅದರ ಹಿಂದೆಯೇ ಅಳು ಬಂತು.

"ಸರಿ ಮಾಡಿ ಹೋಗತೀನ್ರಿ. ಹತ್ತ ನಿಮಿಷದ ಕೆಲಸ. ನಿಟ್ಟುಸಿರಿಗೆ ನುಡೀಬ್ಯಾಡ ಅಂದ್ರ ಆತು."

"ಬ್ಯಾಡ್ರಿ ಅಕ್ಕಾರ," ಗುರವ್ವ ಕಣ್ಣೊರೆಸಿಕೊಂಡಳು. "ಸೋಮವಾರದ ತನಕಾ ಹಂಗ ಇರಲಿ."

ಅಂದೇ ಸೊಸೆಗೆ ಫೋನು ಮಾಡಿ, "ಸೋಮವಾರ ಮುಂಜಾನಿ ಮೊದಲನೇ ಬಸ್ಸಿಗೆ ಮಶೀನ ಹಾಕಿ ಕಳಸ್ತೀನಿ. ರವಿವಾರ ಸಂಜಿಕ ಬಂದು ಬಿಡವಾ," ಎಂದಳು. ಬೇರೇನೂ ಹೇಳಲಿಲ್ಲ. ಹೇಳಿದ್ದರೆ ದಾನಮ್ಮ ನಂಬುತ್ತಿರಲಿಲ್ಲ. ಮಗನನ್ನು ಕೇಳಿದ್ದರೆ ಅವನು ಮರುದಿನದಿಂದ ಅಲ್ಲಿ ಕೂರುತ್ತಲೇ ಇರಲಿಲ್ಲ.

ದಾನಮ್ಮ ಬಂದಳು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವಳು ಅಡುಗೆಮನೆಯಲ್ಲಿ ಅತ್ತೆಯ ಪಕ್ಕ ಸೊಳ್ಳೆಪರದೆಯೊಳಗೆ ಮಲಗಿದಳು.

ಮರುದಿನ ಐದಕ್ಕೆ ಗುರವ್ವ ಒಲೆ ಹಚ್ಚಲು ಏಳಲಿಲ್ಲ. ಪಡಸಾಲೆಯಿಂದ ಲೊಚ್ ಲೊಚ್ ಎಂದು ಕೇಳಿತು. ದಾನಮ್ಮ ಅರೆನಿದ್ದೆಯಲ್ಲೇ ಗೆಣ್ಣು ಬಡಿದು, "ಯಾರ ಏನ ಅಂದ್ರು ಅತ್ತಿ?" ಎಂದಳು.

"ನನಗೇನ ಗೊತ್ತವಾ. ಹೋಗಿ ನೋಡು."

ದಾನಮ್ಮ ಎದ್ದು ಬಾಗಿಲಲ್ಲಿ ನಿಂತಳು. ಮುರಿಗೆಪ್ಪ ಕೊಂಡಿಗಳ ಕೆಳಗೆ ಗೋಡೆಗೊರಗಿ ಕಣ್ಣುಮುಚ್ಚಿ ಕೂತಿದ್ದ. ಎದೆ ತುಂಬ ಉಸಿರೆಳೆದು ಬಿಟ್ಟ. ಗೋಡೆ ನುಡಿಯಿತು. ಆಗ ಅವನು ಕಣ್ಣು ತೆರೆಯದೆ, ಬೆರಳು ಮಡಚದೆ, ಅಂಗೈ ಊರಿ ನೆಲವನ್ನು ಪಟಪಟ ಬಡಿದ.

ದಾನಮ್ಮ ಗೋಡೆ ಹಿಡಿದುಕೊಂಡೇ ಬಂದು ಅವನ ಪಕ್ಕ ಕುಳಿತಳು. ಅವನು ಬೆಚ್ಚಿ ಕಣ್ಣು ಬಿಟ್ಟು, ಕದ್ದು ಸಿಕ್ಕವನಂತೆ ಕೈ ಹಿಂದಕ್ಕೆಳೆದುಕೊಂಡ.

"ಹಂಗಲ್ಲ," ಎಂದಳು ದಾನಮ್ಮ. "ಆಕಿ ಎರಡೂ ಕೈಲೆ ಬಡೀತಿದ್ಲು." ಎರಡೂ ಅಂಗೈ ಊರಿ ಬಡಿದು ತೋರಿಸಿದಳು.

"ಕಸ್ತೂರಿ," ಎಂದ ಮುರಿಗೆಪ್ಪ. ಆರು ತಿಂಗಳಲ್ಲಿ ಮೊದಲ ಸಲ ಆ ಹೆಸರು ಹೇಳಿ, ಹೆಂಡತಿಯ ಹೆಗಲಿಗೆ ಹಣೆ ಹಚ್ಚಿ ದನಿ ತೆಗೆದು ಅತ್ತ. ಇಬ್ಬರ ನಿಟ್ಟುಸಿರಿಗೂ ಕರೆಗೂಡು ಎಡೆಬಿಡದೆ ನುಡಿಯಿತು. ಏನೂ ಅರ್ಥವಾಗದ ನಾಲ್ಕು ಹಲ್ಲಿಗಳು ಅವರ ತಲೆಯ ಮೇಲೆ ಅತ್ತಿಂದಿತ್ತ ಓಡಾಡಿದವು.

ಓಣಿಯ ತುದಿಯಲ್ಲಿ ಮೊದಲನೇ ಬಸ್ಸು ಹಾರ್ನು ಹಾಕಿ ಹೊರಟುಹೋಯಿತು. ಮಶೀನು ಇದ್ದಲ್ಲೇ ಇತ್ತು. ಅಡುಗೆಮನೆಯ ಕತ್ತಲಲ್ಲಿ ಪರದೆಯ ಹೊರಗೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಗುರವ್ವನ ತೋಳಿನ ಮೇಲೊಂದು ಸೊಳ್ಳೆ ಬಂದು ಕೂತಿತು. ಹೊಡೆಯಲು ಕೈಯೆತ್ತಿದವಳು, ಸಪ್ಪಳವಾದೀತೆಂದು ತಡೆದು, ಸೆರಗಿನಿಂದ ಮೆಲ್ಲಗೆ ಬೀಸಿ ಅದನ್ನು ಓಡಿಸಿದಳು.