ಇನ್ಸುಲಿನ್ ನಿಂತ ಮೇಲೆ

ಮಿಶಾರಿಗೆ ಇನ್ನು ಇನ್ಸುಲಿನ್ ಬೇಡ ಎಂದು ಡಾಕ್ಟರ್ ಹೇಳಿದ ದಿನ ನಮ್ಮ ಮನೆಯಲ್ಲಿ ಹಬ್ಬ. ಅತ್ತೆ ಅಕ್ಕಪಕ್ಕದವರಿಗೆಲ್ಲ ಖರ್ಜೂರ ಹಂಚಿದರು. ನಾನೂ ನಗುತ್ತಲೇ ತಟ್ಟೆ ಹಿಡಿದು ಓಡಾಡಿದೆ. ಆಮೇಲೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ಚೆನ್ನಾಗಿ ಅತ್ತುಬಿಟ್ಟೆ.

ಗಂಡನ ಕಾಯಿಲೆ ವಾಸಿಯಾದರೆ ಅಳುವ ಹೆಂಡತಿ ಇಡೀ ಕುವೈತಿನಲ್ಲಿ ನಾನೊಬ್ಬಳೇ ಇರಬೇಕು.

ಮಿಶಾರಿ ನನ್ನ ದೊಡ್ಡಪ್ಪನ ಮಗ; ನಮ್ಮಲ್ಲಿ ಹಾಗೆ ಮದುವೆಯಾಗುವುದು ರೂಢಿ. ನಮ್ಮಿಬ್ಬರ ಅಪ್ಪಂದಿರು ಚಹಾ ಕುಡಿಯುತ್ತ ನಮ್ಮ ಮದುವೆ ಮಾತು ಮುಗಿಸಿದ್ದರು. ಪ್ರೀತಿ ಗೀತಿ ಅಂತ ನಾವಿಬ್ಬರೂ ಬಾಯಿಬಿಟ್ಟವರಲ್ಲ. ಆದರೆ ಸಂಜೆಯ ನಮಾಜು ಮುಗಿದ ಮೇಲೆ ಅವನು ಹಾಸಿಗೆಯ ಅಂಚಿನಲ್ಲಿ ಕೂತು ತೋಳು ಮೇಲೇರಿಸುತ್ತಿದ್ದ. "ನನ್ನ ಕೈ ನಡುಗ್ತದೆ, ನೀನೇ ಹಾಕು" ಎನ್ನುತ್ತಿದ್ದ. ನಾನು ಪಕ್ಕದಲ್ಲಿ ಕೂತು ಅವನ ತೋಳಿನ ಮೆತ್ತನೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿಯುತ್ತಿದ್ದೆ.

"ಮೆಲ್ಲಗೆ, ಲುಲ್ವಾ. ನಿನ್ನೆ ಸಿಟ್ಟಲ್ಲಿ ಚುಚ್ಚಿದ್ದೆ."

"ನಿನ್ನೆ ನಿಮ್ಮಮ್ಮ ನನ್ನ ಅಡುಗೇಲಿ ತಪ್ಪು ಹುಡುಕಿದ್ರು."

"ಅದಕ್ಕೆ ಮಗನ ತೋಳು ಬಲಿಯಾ?"

ಸೂಜಿ ತೆಗೆದ ಮೇಲೂ ನಾವು ಎದ್ದು ಹೋಗುತ್ತಿರಲಿಲ್ಲ. ಅವನು ಆಫೀಸಿನ ಜಗಳ ಹೇಳುತ್ತಿದ್ದ, ನಾನು ಪಾಠ ಮಾಡುವ ಶಾಲೆಯ ಹುಡುಗಿಯರ ಕಿತಾಪತಿ ಹೇಳುತ್ತಿದ್ದೆ. ನನ್ನ ದಿನದಲ್ಲಿ ನನಗೆ ಬೇಕಾಗಿದ್ದದ್ದು ಅದೊಂದೇ ಹೊತ್ತು.

ತೂಕ ಮಿತಿಮೀರಿತೆಂದು ಅವನಿಗೆ ಆಪರೇಷನ್ ಆಯಿತು. ಹೊಟ್ಟೆಯೊಳಗಿನ ಜಠರವನ್ನು ಕತ್ತರಿಸಿ ಬಾಳೆಹಣ್ಣಿನಷ್ಟು ಉಳಿಸಿದರು. "ಹಸಿವಿನ ಹಾರ್ಮೋನ್ ಹೆಚ್ಚಾಗಿ ಹುಟ್ಟುತ್ತಿದ್ದ ಭಾಗವನ್ನೇ ತೆಗೆದಿದ್ದೇವೆ. ಕರುಳಿನ ಹಾರ್ಮೋನುಗಳೂ ಬದಲಾಗ್ತವೆ. ತೂಕ ಇಳಿಯೋಕೆ ಮುಂಚೆನೇ ಸಕ್ಕರೆ ಇಳಿದ್ರೆ ಗಾಬರಿ ಆಗ್ಬೇಡಿ," ಎಂದು ಡಾಕ್ಟರ್ ಹೇಳಿದ್ದರು. ಹಾಗೇ ಆಯಿತು.

ಮನೆಗೆ ಬಂದವನು ಬೇರೆಯೇ ಮನುಷ್ಯ. ಎಸಿ ಹಾಕಿ ಕೋಣೆಯನ್ನು ಮಂಜುಗಡ್ಡೆ ಮಾಡಿಕೊಂಡು ಮಲಗುತ್ತಿದ್ದವನು ಈಗ ನನ್ನ ಶಾಲು ಹೊದ್ದು ಕೂರುತ್ತಿದ್ದ. ಫುಟ್‌ಬಾಲ್ ನೋಡುತ್ತ ಕಣ್ಣೀರು ಹಾಕುತ್ತಿದ್ದ, ಗೆದ್ದಾಗಲೂ! ಕರಗುತ್ತಿರುವ ಕೊಬ್ಬಿನಿಂದ ಹಾರ್ಮೋನುಗಳು ಹೊರಬರುತ್ತವೆ, ಮನಸ್ಸು ಸ್ವಲ್ಪ ಏರುಪೇರಾಗುತ್ತದೆ ಎಂದು ಡಾಕ್ಟರ್ ಹೇಳಿದರು. ದೊಡ್ಡ ತಟ್ಟೆ ತುಂಬ ಮಾಂಸ ಬೆರೆಸಿದ ಅನ್ನದ ಮಚ್‌ಬೂಸ್ ಮಾಡಿಟ್ಟರೆ ಎರಡು ಚಮಚ ತಿಂದು, "ಸಾಕು, ಹಸಿವೇ ಇಲ್ಲ" ಎಂದು ಎದ್ದುಬಿಡುತ್ತಿದ್ದ. ಸಂಜೆಯಾದರೆ ಸಮುದ್ರದ ದಂಡೆಗೆ ವಾಕಿಂಗ್.

ಹಸಿವು ಹೋಯಿತು, ಸೂಜಿ ಹೋಯಿತು, ಅವುಗಳ ಜೊತೆ ನಾನೂ ಹೋದೆನೇನೋ ಎಂದು ನನಗೆ ಭಯವಾಯಿತು. ಕೇಳುವುದು ಹೇಗೆ? ಗುಣವಾಗಿರುವ ಗಂಡನ ಮುಂದೆ ನಿಂತು "ನಿನಗೆ ಯಾಕೆ ವಾಸಿಯಾಯ್ತು" ಎನ್ನಲಾದೀತೇ? ಸೌದಿಯ ದಮ್ಮಾಮಿನಲ್ಲಿರುವ ಅಕ್ಕ ಹೆಸ್ಸಾಳ ಮನೆಗೆ ಹೋಗಿ ಸ್ವಲ್ಪ ದಿನ ಇದ್ದು ಬರೋಣ ಅನ್ನಿಸಿತು. ಸೂಟ್‌ಕೇಸ್ ತೆಗೆದೆ.

ಬೂಟು ಹುಡುಕಿಕೊಂಡು ಬಂದ ಮಿಶಾರಿ ಬಾಗಿಲಲ್ಲೇ ನಿಂತ. ಇಳಿದುಹೋದ ಮುಖದಲ್ಲಿ ಕಣ್ಣುಗಳು ಮೊದಲಿಗಿಂತ ದೊಡ್ಡವಾಗಿದ್ದವು.

"ಎಲ್ಲಿಗೆ?"

"ಅಕ್ಕನ ಮನೆಗೆ. ಇಲ್ಲಿ ನನ್ನಿಂದ ಈಗ ಆಗಬೇಕಾದ್ದು ಏನಿದೆ? ನಿನಗೆ ಊಟ ಬೇಡ, ಸೂಜಿ ಬೇಡ. ಸಂಜೆ ಆ ಹೊತ್ತಿಗೆ ಸರಿಯಾಗಿ ಮನೆಯಿಂದ ಓಡ್ತೀಯ."

"ಓಡ್ದೆ ಇನ್ನೇನ್ ಮಾಡ್ಲಿ?" ಅವನ ದನಿ ಒಡೆಯಿತು. "ಆ ಹೊತ್ತಿಗೆ ನೀನು ಬರ್ತಾನೇ ಇಲ್ಲ. ಖಾಲಿ ರೂಮಲ್ಲಿ ಒಬ್ನೇ ಹೇಗೆ ಕೂರ್ಲಿ?"

ನಾನು ಮಡಿಸುತ್ತಿದ್ದ ಬಟ್ಟೆ ಕೈಯಲ್ಲೇ ಉಳಿಯಿತು.

"ಹಜ್‌ಗೆ ನಾನು ಹೋಗಿದ್ನಲ್ಲ, ಆಗ ಸೂಜಿ ಯಾರು ಹಾಕಿದ್ರು ಗೊತ್ತಾ?"

"ನಿನ್ನ ತಮ್ಮ ಅಂದಿದ್ದೆ."

"ಅವನಾ? ಸೂಜಿ ಕಂಡ್ರೆ ತಲೆಸುತ್ತಿ ಬೀಳ್ತಾನೆ. ನಾನೇ ಹಾಕ್ಕೊಂಡೆ. ನನ್ನ ಕೈ ಯಾವತ್ತೂ ನಡುಗಿಲ್ಲ, ಲುಲ್ವಾ."

ಅಷ್ಟು ವರ್ಷ! ನನಗೆ ನಗು ಬಂತು, ಅಳುವೂ ಬಂತು.

"ಸುಳ್ಳುಗಾರ. ನಿನ್ನ ಹತ್ರ ಕೂರ್ಬೇಕು ಅಂತ ಬಾಯಿಬಿಟ್ಟು ಹೇಳ್ಬಹುದಿತ್ತಲ್ಲ?"

"ಏನಂತ ಹೇಳ್ಲಿ? ಕಾಯಿಲೆ ಇದ್ದಾಗ ಕರೆಯೋಕೆ ಕಾರಣ ಇತ್ತು. ಈಗ ಯಾವ ಕಾರಣ ಹೇಳಿ ಕರೀಲಿ?"

"ಕಾರಣ ಇಲ್ದೇನೇ ಕರಿ. ನಾನೂ ಅದಕ್ಕೇ ಕಾಯ್ತಿರೋದು."

ಅವನು ಸೂಟ್‌ಕೇಸನ್ನು ಎತ್ತಿ ಕೆಳಗಿಟ್ಟು, ಹಾಸಿಗೆಯ ಮೇಲೆ ಜಾಗ ಮಾಡಿದ. ಮದುವೆಯ ದಿನವೂ ಅಷ್ಟು ನಾಚಿಕೊಂಡವನಲ್ಲ. ಕಿವಿಯೆಲ್ಲ ಕೆಂಪಾಗಿತ್ತು.

"ನನಗೆ ಏನೂ ಆಗಿಲ್ಲ," ಎಂದ. "ಸುಮ್ನೆ ಬಂದು ಪಕ್ಕದಲ್ಲಿ ಕೂರು."

ನಾನು ಹೋಗಿ ಕೂತೆ.